ಸಂತೋಷ ಟ್ರೋಫಿಯೂ ನಮ್ಮ ಪಂದ್ಯಾಟದ ಮೂರನೆಯ ನಿಯಮವೂ

ಬರುವ ತಿಂಗಳ ಮಹಾಸಭೆಯ ಮುಂದೆ ಇರುವ ವಿಷಯಗಳಲ್ಲಿ ಒಂದು ನಮ್ಮ ವಾರ್ಷಿಕ ಫುಟ್‌ಬಾಲ್ ಪಂದ್ಯಾಟಕ್ಕೆ ಸಂಬಂಧಿಸಿದ್ದು. "ಆಡತಕ್ಕವನು ಹೋಟೆಲು ನೌಕರನೂ ಕನ್ನಡ ನಾಡಿನವನೂ ಆಗಿರತಕ್ಕದ್ದು" ಎಂಬುದು ಪಂದ್ಯಾಟದ ಮೂರನೆಯ ನಿಯಮ. ಇದರ ಎರಡನೆಯ ಭಾಗವನ್ನು ತೆಗೆದುಹಾಕಬೇಕೆಂದು ಕೆಲವರೂ, ಒಂದಕ್ಷರವನ್ನೂ ಮುಟ್ಟಕೂಡದೆಂದು ಕೆಲವರೂ ಪಟ್ಟು ಹಿಡಿದಿದ್ದಾರೆ.

ಈ ಮಾತು ಹುಟ್ಟಿದ್ದು ಕಳೆದ ವರ್ಷದ ಪಂದ್ಯಾಟದಲ್ಲಿ. ಉಪನಗರದ ಒಂದು ಹೋಟೆಲಿನ ತಂಡ ಬೆಳಗಿನ ಆರು ಗಂಟೆಗೇ ಮೈದಾನಕ್ಕೆ ಬಂದಿತ್ತು. ಗೋಲು ಕಾಯುವ ಹುಡುಗ ಒಡಿಶಾದವನೆಂದು ಎದುರು ತಂಡದವರು ಆಕ್ಷೇಪವೆತ್ತಿದರು. ನಿಯಮದ ಪುಸ್ತಕ ತೆರೆದು ನೋಡಿದ್ದಾಯಿತು. ಆಕ್ಷೇಪ ಸರಿಯಾಗಿಯೇ ಇತ್ತು. ಆ ಹುಡುಗ ಒಂದು ಮಾತೂ ಆಡದೆ ಕೈಗವುಸು ಬಿಚ್ಚಿಟ್ಟು, ಜೊತೆಯವರ ಚಪ್ಪಲಿ, ಅಂಗಿಗಳನ್ನು ಕಾಯುತ್ತಾ ಗೆರೆಯ ಹೊರಗೆ ಕುಳಿತ. ಅವನ ತಂಡ ಹತ್ತು ಮಂದಿಯಲ್ಲಿ ಆಡಿ ಸೋತಿತು. ಆ ದಿನ ಮೇಜಿನ ಹಿಂದೆ ಕುಳಿತು ನಿಯಮ ಓದಿ ಹೇಳಿದವನು ಈ ಸಂಪಾದಕೀಯ ಬರೆಯುತ್ತಿರುವವನೇ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು.

ಕಾರ್ಯಕಾರಿ ಸಮಿತಿಯಲ್ಲಿ ನಮ್ಮ ಹಿರಿಯರೊಬ್ಬರು ನಿಯಮದ ಪರವಾಗಿ ಮಾತಾಡುತ್ತಾ ಒಂದು ಪ್ರಶ್ನೆ ಹಾಕಿದರು: "ಸಂತೋಷ ಟ್ರೋಫಿಯನ್ನು ನೋಡಿ. ಅಲ್ಲಿ ಬಂಗಾಳಕ್ಕೆ ಬಂಗಾಳಿ ಆಡುತ್ತಾನೆ, ಕರ್ನಾಟಕಕ್ಕೆ ಕರ್ನಾಟಕದವ ಆಡುತ್ತಾನೆ. ದೇಶದ ದೊಡ್ಡ ಪಂದ್ಯಾಟಕ್ಕೇ ಇಲ್ಲದ ನಾಚಿಕೆ ನಮಗೇಕೆ?" ಅವರ ಮೇಲೆ ನಮಗೆ ಗೌರವವಿದೆ. ಈ ಪಂದ್ಯಾಟ ಇಷ್ಟು ಕಾಲ ನಡೆದು ಬಂದಿದ್ದರೆ ಅದು ಅವರಂಥವರಿಂದಲೇ. ಆದರೆ ಸಂತೋಷ ಟ್ರೋಫಿಯ ಕಥೆಯನ್ನು ಬಿಡಿಸಿ ನೋಡಿದರೆ ಅದು ಅವರ ವಾದಕ್ಕೆ ಸಾಕ್ಷಿ ಹೇಳುವುದಿಲ್ಲ.

ಹೆಸರಿನಿಂದಲೇ ಪ್ರಾರಂಭಿಸೋಣ. ಸಂತೋಷ ಎಂದರೆ ಆನಂದ, ಗೆದ್ದವರಿಗೆ ಆಗುವ ಆನಂದದಿಂದ ಆ ಹೆಸರು ಬಂತೆಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ನಾವೂ ಹಾಗೆಯೇ ತಿಳಿದಿದ್ದೆವು. ಸಂತೋಷ ಎಂಬುದು ಒಂದು ಊರು, ಹಿಂದಿನ ಮೈಮನಸಿಂಗ್ ಜಿಲ್ಲೆಯ ಒಂದು ಜಮೀನುದಾರಿ. ಅಲ್ಲಿನ ಮಹಾರಾಜ ಮನ್ಮಥನಾಥ ರಾಯ್‌ಚೌಧರಿಯವರು ಕಲಕತ್ತೆಯ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಶನ್ನಿನ ಅಧ್ಯಕ್ಷರಾಗಿದ್ದರು. ಅವರ ನೆನಪಿಗಾಗಿ ಆ ಸಂಸ್ಥೆ ಕೊಟ್ಟ ಕಪ್ಪಿಗಾಗಿ 1941ರಿಂದ ಪ್ರಾಂತ ಪ್ರಾಂತಗಳ ನಡುವೆ ರಾಷ್ಟ್ರೀಯ ಪಂದ್ಯಾಟ ಶುರುವಾಯಿತು. ಆರು ವರ್ಷ ತುಂಬುವುದರೊಳಗೆ ದೇಶವೇ ಒಡೆದು ಸಂತೋಷ ಎಂಬ ಊರು ಪೂರ್ವ ಪಾಕಿಸ್ತಾನಕ್ಕೆ ಹೋಯಿತು. ಈಗ ಅದು ಬಾಂಗ್ಲಾದೇಶದಲ್ಲಿದೆ. ಭಾರತದ ಪ್ರಾಂತಗಳೆಲ್ಲ ಸೇರಿ ಆಡುವ ಕಪ್ಪಿಗೆ ಇಂದಿಗೂ ಭಾರತದಲ್ಲಿಲ್ಲದ ಊರಿನ ಹೆಸರು. ಯಾರೂ ಅದನ್ನು ಬದಲಿಸಲು ಹೋಗಿಲ್ಲ. ಮೂರನೆಯ ಸ್ಥಾನಕ್ಕೆ ಇಟ್ಟ ಸಂಪಂಗಿ ಕಪ್ಪು ಮಾತ್ರ ನಮ್ಮ ಕಡೆಯದು: ಮೈಸೂರಿನ ಆಟಗಾರ ಸಂಪಂಗಿಯವರ ನೆನಪಿಗೆ ಅಲ್ಲಿನ ಫುಟ್‌ಬಾಲ್ ಸಂಸ್ಥೆ ಕೊಟ್ಟದ್ದು.

ಮೊದಲ ವರ್ಷ ಬಂಗಾಳ ಗೆದ್ದಿತು. ಅಲ್ಲಿಂದ ಇಲ್ಲಿಯವರೆಗೆ ಅದು 33 ಸಲ ಗೆದ್ದಿದೆ. ಮೂವತ್ತಮೂರನೆಯದು 2024ರ ಡಿಸೆಂಬರ್ 31ರಂದು ಹೈದರಾಬಾದಿನಲ್ಲಿ ಕೇರಳವನ್ನು ಸೋಲಿಸಿ ಪಡೆದದ್ದು. ಇಂಥ ಬಂಗಾಳವನ್ನು ಮುರಿದವರಲ್ಲಿ ಮೈಸೂರಿನವರು ಮುಖ್ಯರು. 1946-47ರಲ್ಲಿ ಬೆಂಗಳೂರಿನಲ್ಲಿ, 1952-53ರಲ್ಲಿ ಮತ್ತೆ ಬೆಂಗಳೂರಿನಲ್ಲಿ, 1967-68ರಲ್ಲಿ ಕಟಕ್‌ನಲ್ಲಿ, 1968-69ರಲ್ಲಿ ಪುನಃ ಬೆಂಗಳೂರಿನಲ್ಲಿ ಮೈಸೂರು ಗೆದ್ದಿತು. ಆ ನಾಲ್ಕು ಸಲವೂ ಕೊನೆಯ ಪಂದ್ಯದಲ್ಲಿ ಎದುರು ನಿಂತದ್ದು ಬಂಗಾಳವೇ. ಇದನ್ನು ಬರೆಯುವಾಗ ಎದೆಯುಬ್ಬುವುದು ಸಹಜ. ಆದರೆ ಆ ಮೈಸೂರು ಯಾರು ಎಂದು ಕೇಳಿದರೆ ಕಥೆ ಬೇರೆ ದಾರಿ ಹಿಡಿಯುತ್ತದೆ.

ಮೈಸೂರು ಮೊದಲು ಗೆದ್ದಾಗ ಅದು ಮಹಾರಾಜರ ಸಂಸ್ಥಾನ. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರದವರು ಬೊಂಬಾಯಿ ಪ್ರಾಂತದವರು. ಉಡುಪಿ, ಮಂಗಳೂರು, ಕಾಸರಗೋಡಿನವರು ಮದ್ರಾಸಿನವರು. ಬೀದರ, ಗುಲ್ಬರ್ಗ, ರಾಯಚೂರು ನಿಜಾಮರ ಹೈದರಾಬಾದಿಗೆ ಸೇರಿದ್ದವು. ಮೈಸೂರು, ಬೊಂಬಾಯಿ, ಮದ್ರಾಸು, ಹೈದರಾಬಾದು ಈ ನಾಲ್ಕೂ ಸಂತೋಷ ಟ್ರೋಫಿಯಲ್ಲಿ ಬೇರೆ ಬೇರೆ ತಂಡಗಳು. ಪ್ರಾಂತದ ಗಡಿಯನ್ನೇ ಹಿಡಿದರೆ ಕನ್ನಡಿಗನು ನಾಲ್ಕು ತಂಡಗಳಿಗೆ ಹಂಚಿಹೋಗಿದ್ದ. 1952-53ರಲ್ಲಿ ಮೈಸೂರು ಗೆದ್ದಾಗ ಕುಂದಾಪುರದ ನಮ್ಮ ಅಜ್ಜಂದಿರು ಕಾಗದದ ಮೇಲೆ ಮದ್ರಾಸಿನವರು. 1956ರ ನವೆಂಬರ್ 1ರಂದು ನಾವೆಲ್ಲ ಒಂದು ರಾಜ್ಯಕ್ಕೆ ಬಂದೆವು. ಕಾಸರಗೋಡು ಅಂದೂ ಹೊರಗೇ ಉಳಿಯಿತು. ಇಂದಿಗೂ ಕಾಸರಗೋಡಿನ ಕನ್ನಡ ಹುಡುಗ ಚೆಂಡಾಟದಲ್ಲಿ ಮುಂದೆ ಬಂದರೆ ಕೇರಳದ ಅಂಗಿ ತೊಡುತ್ತಾನೆ. ಅವನು ನಮ್ಮ ಪಂದ್ಯಾಟಕ್ಕೆ ಬಂದರೆ "ಕನ್ನಡ ನಾಡಿನವನು" ಹೌದೋ ಅಲ್ಲವೋ? ಮೂರನೆಯ ನಿಯಮ ಇದಕ್ಕೆ ಉತ್ತರ ಹೇಳುವುದಿಲ್ಲ.

ಇನ್ನು ಮೈಸೂರಿಗೆ ಹೆಸರು ತಂದ ಆಟಗಾರರ ಮಾತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸಿನ ಎದುರು 1-2ರಲ್ಲಿ ಸೋತಿತು. ನಮ್ಮವರಲ್ಲಿ ಬಹುಮಂದಿ ಬರಿಗಾಲಲ್ಲೇ ಆಡಿದರು. ಆ ಒಂದು ಗೋಲನ್ನು ಹೊಡೆದದ್ದು ಬೆಂಗಳೂರಿನ ಎಸ್. ರಾಮನ್. ಅದೇ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನ್ ಇದ್ದರು, ಧನರಾಜ್ ಇದ್ದರು, ವಜ್ರವೇಲು ಇದ್ದರು. ಹೆಸರುಗಳನ್ನು ಕೇಳಿದರೇ ತಿಳಿಯುತ್ತದೆ. ಬೆಂಗಳೂರಿನ ಚೆಂಡಾಟ ಬೆಳೆದದ್ದು ದಂಡಿನ ಪ್ರದೇಶದ ಕೇರಿಗಳಲ್ಲಿ, ಸೋಲ್ಜರರ ಆಟ ನೋಡಿ ಕಲಿತ ಬಡವರ ಮಕ್ಕಳ ಕಾಲಲ್ಲಿ. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ ಇವೆಲ್ಲ ಆಟಕ್ಕೆ ಹೆಸರಾದ ಕೇರಿಗಳು. ಅಲ್ಲಿ ಬಹುಮಂದಿಯ ಮನೆಮಾತು ತಮಿಳು, ಕೆಲವರದು ಉರ್ದು. ಮೈಸೂರು ಗೆದ್ದಿತೆಂದು ನಾವು ಹೆಮ್ಮೆಪಡುವುದು ಆ ಕೇರಿಗಳ ಮಕ್ಕಳ ಬೆವರಿನಿಂದ. ನಮ್ಮ ಮೂರನೆಯ ನಿಯಮದ ಪುಸ್ತಕ ಹಿಡಿದು ಆ ದಿನ ಯಾರಾದರೂ ಬೆಂಗಳೂರಿನ ಮೈದಾನದ ಬಾಗಿಲಲ್ಲಿ ಕುಳಿತಿದ್ದರೆ ಮೈಸೂರಿಗೆ ಹನ್ನೊಂದು ಮಂದಿ ಸಿಗುತ್ತಿದ್ದರೋ ಇಲ್ಲವೋ.

ನಮ್ಮ ಮುಂಬಯಿಗೂ ಬೆಂಗಳೂರಿನ ಚೆಂಡಿಗೂ ಇರುವ ಹಳೆಯ ನಂಟನ್ನು ಇಲ್ಲಿ ಹೇಳದೆ ಇರಲಾಗದು. ರೋವರ್ಸ್ ಕಪ್ಪು ಈ ಊರಿನಲ್ಲಿ 1891ರಲ್ಲಿ ಶುರುವಾಯಿತು. ನಲವತ್ತಕ್ಕೂ ಹೆಚ್ಚು ವರ್ಷ ಅದನ್ನು ಗೋರಾ ಪಲ್ಟಣಗಳೇ ಹೊತ್ತೊಯ್ದವು. 1937ರಲ್ಲಿ ಮೊತ್ತಮೊದಲಾಗಿ ಒಂದು ಭಾರತೀಯ ತಂಡ ಅದನ್ನು ಗೆದ್ದಿತು. ಆ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷ 1938ರಲ್ಲಿ ಮತ್ತೂ ಗೆದ್ದಿತು.

ಬೊಂಬಾಯಿ ತಂಡದ ಕಥೆ ಸೋಲಿನದೇ ಹೆಚ್ಚು. 1945-46ರಲ್ಲಿ ತನ್ನ ಮನೆಯಂಗಳದಲ್ಲೇ ಬಂಗಾಳಕ್ಕೆ ಸೋತಿತು, 1951-52ರಲ್ಲಿ ಮತ್ತೆ ಇಲ್ಲೇ ಬಂಗಾಳಕ್ಕೆ ಸೋತಿತು. ಕೊನೆಗೆ 1954-55ರಲ್ಲಿ ಮದ್ರಾಸಿನಲ್ಲಿ ಸರ್ವಿಸಸ್ ತಂಡವನ್ನು ಸೋಲಿಸಿ ಕಪ್ಪು ತಂದಿತು. ಮಹಾರಾಷ್ಟ್ರವಾದ ಮೇಲೆ 1963-64, 1990-91, 1999-2000 ಹೀಗೆ ಮೂರು ಸಲ. ಈ ಊರಿನ ಚೆಂಡಾಟವನ್ನು ಎತ್ತಿ ಹಿಡಿದವರು ಯಾರು? ಗೋವೆಯಿಂದ ಹಡಗು ಹತ್ತಿ ಬಂದು ಧೋಬಿ ತಲಾವಿನ ಕೂಡ್‌ಗಳಲ್ಲಿ ಚಾಪೆ ಹಾಸಿ ಮಲಗುತ್ತಿದ್ದವರು ಮತ್ತು ಅವರ ಮಕ್ಕಳು. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯದ ಎದುರು ಮೂರು ಗೋಲು ಹೊಡೆದ ನೆವಿಲ್ ಡಿಸೋಜ ಈ ಊರಿನ ಆಟಗಾರ. 1962ರ ಜಕಾರ್ತ ಏಶ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ಫಾರ್ಚುನಾಟೊ ಫ್ರಾಂಕೊ ಹುಟ್ಟಿದ್ದು ಗೋವೆಯಲ್ಲಿ, ಆಡಿದ್ದು ಇಲ್ಲಿನ ಟಾಟಾ ಸ್ಪೋರ್ಟ್ಸ್ ಕ್ಲಬ್ಬಿಗೆ, ಸಂತೋಷ ಟ್ರೋಫಿಯಲ್ಲಿ ಮಹಾರಾಷ್ಟ್ರಕ್ಕೆ. ಗೋವೆ ತನ್ನ ಹೆಸರಿನಲ್ಲೇ ಕಪ್ಪು ಎತ್ತಿದ್ದು 1980ರ ದಶಕದಲ್ಲಿ. ಕೂಡ್‌ನಲ್ಲಿ ಮಲಗಿದ ಗೋವೆಯವನಿಗೂ ಹೋಟೆಲಿನ ಮೇಜುಗಳನ್ನು ಜೋಡಿಸಿ ಮಲಗಿದ ನಮ್ಮ ಮಾಣಿಗಳಿಗೂ ಬಹಳ ಅಂತರವಿಲ್ಲ. ಅವನಿಗೆ ಕೆಲಸ ಕೊಟ್ಟ ಊರು ತನ್ನ ಅಂಗಿಯನ್ನೂ ಕೊಟ್ಟಿತು.

ಹಿರಿಯರ ಪ್ರಶ್ನೆಗೆ ಎಲ್ಲಕ್ಕಿಂತ ನೇರವಾದ ಉತ್ತರ ರೈಲ್ವೆ ತಂಡದಲ್ಲಿದೆ. ಸಂತೋಷ ಟ್ರೋಫಿ ಪ್ರಾಂತಗಳ ಪಂದ್ಯಾಟವೆಂದು ಹೆಸರಾದರೂ ಅದರಲ್ಲಿ ಪ್ರಾಂತವೇ ಅಲ್ಲದ ಎರಡು ತಂಡಗಳಿವೆ: ಸೈನ್ಯದವರ ಸರ್ವಿಸಸ್ ಮತ್ತು ರೈಲ್ವೆ. ಅಲ್ಲಿ ನೀನು ಯಾವ ಊರಿನವನೆಂದು ಕೇಳುವುದಿಲ್ಲ, ಎಲ್ಲಿ ದುಡಿಯುತ್ತೀ ಎಂದು ಕೇಳುತ್ತಾರೆ. 1960-61ರಲ್ಲಿ ಸರ್ವಿಸಸ್ ಬಂಗಾಳವನ್ನು ಸೋಲಿಸಿತು. ಮರುವರ್ಷ ಇದೇ ಬೊಂಬಾಯಿಯಲ್ಲಿ ರೈಲ್ವೆಯವರು ಇಲ್ಲಿನ ತಂಡವನ್ನು ಮೂರು ಗೋಲುಗಳಿಂದ ಬಡಿದು ಕಪ್ಪು ಒಯ್ದರು. 1964-65 ಮತ್ತು 1966-67ರಲ್ಲಿ ಮತ್ತೆ ಗೆದ್ದರು. ದೇಶದ ಅತ್ಯಂತ ದೊಡ್ಡ ಆಟಗಾರರಲ್ಲಿ ಒಬ್ಬರಾದ ಪಿ. ಕೆ. ಬ್ಯಾನರ್ಜಿಯವರು ಹುಡುಗನಾಗಿದ್ದಾಗ ಬಿಹಾರಕ್ಕೆ ಆಡಿದರು, ಕಲಕತ್ತೆಗೆ ಬಂದ ಮೇಲೆ ಬಂಗಾಳಕ್ಕೆ ಆಡಿದರು, ಈಸ್ಟರ್ನ್ ರೈಲ್ವೆಯ ನೌಕರರಾಗಿ ರೈಲ್ವೆ ತಂಡಕ್ಕೆ ಆಡಿದರು. ಒಬ್ಬನೇ ಮನುಷ್ಯ, ಮೂರು ಅಂಗಿ. ಅವರನ್ನು ಯಾರೂ ದ್ರೋಹಿ ಎನ್ನಲಿಲ್ಲ. ಅನ್ನ ಎಲ್ಲಿ ಹುಟ್ಟಿತೋ ಅಲ್ಲಿಗೆ ಆಡಿದರು.

ಕೊನೆಗೆ 2023ರ ಕಥೆಗೆ ಬರೋಣ, ಏಕೆಂದರೆ ಆ ದಿನ ನಮ್ಮ ಕಚೇರಿಯಲ್ಲೇ ಪೇಡೆ ಹಂಚಿದ್ದೇವೆ. ಹಿಂದಿನ ವರ್ಷ 2022ರ ಏಪ್ರಿಲಿನಲ್ಲಿ ಮಂಜೇರಿಯ ಸೆಮಿಫೈನಲಿನಲ್ಲಿ ಕರ್ನಾಟಕವು ಕೇರಳದ ಕೈಯಲ್ಲಿ ಏಳು ಗೋಲು ತಿಂದು ಬಂದಿತ್ತು. ಬದಲಿಯಾಗಿ ಇಳಿದ ಜೆಸಿನ್ ಎಂಬ ಹುಡುಗನೊಬ್ಬನೇ ಐದು ಹೊಡೆದ. ಅಂಥ ತಂಡ ಮರುವರ್ಷ ಸೌದಿ ಅರೇಬಿಯದ ರಿಯಾಧಿಗೆ ಹೋಯಿತು. ಸಂತೋಷ ಟ್ರೋಫಿಯ ಕೊನೆಯ ಪಂದ್ಯಗಳು ಪರದೇಶದಲ್ಲಿ ನಡೆದದ್ದು ಅದೇ ಮೊದಲು. ಸೆಮಿಫೈನಲಿನಲ್ಲಿ ಸರ್ವಿಸಸ್ ತಂಡವನ್ನು 3-1ರಲ್ಲಿಯೂ, ಮಾರ್ಚ್ 4ರಂದು ಫೈನಲಿನಲ್ಲಿ ಮೇಘಾಲಯವನ್ನು 3-2ರಲ್ಲಿಯೂ ಸೋಲಿಸಿ 54 ವರ್ಷಗಳ ಮೇಲೆ ಕಪ್ಪನ್ನು ತಂದಿತು. ತರಬೇತಿ ಕೊಟ್ಟವರು ರವಿಬಾಬು ರಾಜು. ಕರ್ನಾಟಕದ ಮೂರು ಗೋಲು ಹೊಡೆದವರ ಹೆಸರು ಕೇಳಿ: ಸುನಿಲ್ ಕುಮಾರ್, ಬೇಕೆ ಓರಾಂ, ರಾಬಿನ್ ಯಾದವ್.

ಓರಾಂ ಎಂಬುದು ಛೋಟಾನಾಗಪುರ, ಒಡಿಶಾದ ಕಡೆ ಕೇಳಿಬರುವ ಹೆಸರು. ಯಾದವ್ ಎಂಬ ಹೆಸರು ಎಲ್ಲಿ ಹೆಚ್ಚೆಂದು ನಮ್ಮ ಹೋಟೆಲುಗಳ ಮಸ್ಟರ್ ಪುಸ್ತಕವೇ ಹೇಳುತ್ತದೆ. ಅವರು ಯಾವ ಊರಿನವರೆಂದು ವಿಚಾರಿಸುವುದು ನಮಗೆ ಬೇಡ. ಆ ರಾತ್ರಿ ನಮ್ಮಲ್ಲಿ ಯಾರೂ ವಿಚಾರಿಸಲೂ ಇಲ್ಲ. "ಕರ್ನಾಟಕ ಗೆದ್ದಿತು" ಎಂದು ಮಾತ್ರ ಕೂಗಿದೆವು. ಪೇಡೆ ತಿಂದ ಬಾಯಿಂದಲೇ ಕಳೆದ ವರ್ಷ ಒಡಿಶಾದ ಹುಡುಗನಿಗೆ "ನೀನು ಹೊರಗಿನವನು" ಎಂದೆವು.

ಹೊರಗಿನವನು ಎಂಬ ಮಾತಿನ ಕಹಿ ಈ ಊರಿನಲ್ಲಿ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? 1960ರ ದಶಕದ ಕೊನೆಯಲ್ಲಿ ದಕ್ಷಿಣದವರು ಹೊರಗೆ ಹೋಗಲಿ ಎಂಬ ಕೂಗೆದ್ದು ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದ ಕಥೆಯನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಇಡ್ಲಿ ತಿನ್ನಲು ಬರುವವರಿಗೆ ನಾವು ಬೇಕು, ಆದರೆ ನಾವು ಊರಿನವರಲ್ಲ ಎಂಬ ಮಾತನ್ನು ಗಲ್ಲೆಯ ಮುಂದೆ ನಿಂತು ಕೇಳಿದವರು ನಮ್ಮಲ್ಲಿ ಅನೇಕರು. ಅದೇ ಮಾತನ್ನು ಮೋರಿಯ ಬಳಿ ಪಾತ್ರೆ ತಿಕ್ಕುವ ಹುಡುಗನಿಗೆ ನಾವು ತಿರುಗಿಸಿ ಹೇಳಬೇಕೇ?

ನಿಯಮ ಉಳಿಯಲಿ ಎನ್ನುವವರ ಭಯವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಒಂದು, ನಮ್ಮ ಹುಡುಗರಿಗೆ ಜಾಗ ಸಿಗಲಾರದು ಎನ್ನುತ್ತಾರೆ. ನಿಜ ಹೇಳಬೇಕೆಂದರೆ ನಮ್ಮ ಹುಡುಗರೇ ಈಗ ಹೋಟೆಲಿಗೆ ಬರುವುದು ಕಡಿಮೆಯಾಗಿದೆ. ಊರಲ್ಲಿ ಓದುತ್ತಾರೆ, ಬೆಂಗಳೂರಿಗೆ ಹೋಗುತ್ತಾರೆ. ಸಂತೋಷದ ವಿಷಯವೇ. ಆದರೆ ಪಂದ್ಯಾಟಕ್ಕೆ ಹೆಸರು ಕೊಡುವ ತಂಡಗಳು ವರ್ಷದಿಂದ ವರ್ಷಕ್ಕೆ ಇಳಿಯುತ್ತಿವೆ. ಒಂದೇ ಹೋಟೆಲಿನಿಂದ ಹನ್ನೊಂದು ಮಂದಿ ಕನ್ನಡಿಗರನ್ನು ಹೊಂದಿಸುವುದು ದೊಡ್ಡ ಹೋಟೆಲಿಗೂ ಕಷ್ಟ. ಹಾಗಾಗಿ ಗೆಳೆಯನ ಗುರುತಿನ ಚೀಟಿ ತೋರಿಸಿ ಬೇರೆಯವರನ್ನು ಇಳಿಸುವ ಕಳ್ಳಾಟವೂ ಶುರುವಾಗಿದೆ. ಇದು ಎಲ್ಲರಿಗೂ ತಿಳಿದ ಗುಟ್ಟು. ಎರಡನೆಯದು, ಕನ್ನಡ ಹೋಗಿಬಿಡುತ್ತದೆ ಎಂಬ ಭಯ. ಭಟ್ಟರ ಕೈಕೆಳಗೆ ಆರು ತಿಂಗಳು ದುಡಿದ ಬಿಹಾರದ ಹುಡುಗನಿಗೆ "ಉದ್ದು ನೆನೆಹಾಕು" ಎಂದರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೈದಾನದ ಘೋಷಣೆ ಕನ್ನಡದಲ್ಲೇ ಆಗಲಿ, ಪ್ರಶಸ್ತಿಪತ್ರ ಕನ್ನಡದಲ್ಲೇ ಬರೆಯಲ್ಪಡಲಿ. ತನ್ನ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆಸಿಕೊಂಡು ಆತ ಊರಿಗೆ ಒಯ್ಯಲಿ. ಅದರಿಂದ ಕನ್ನಡಕ್ಕೆ ನಷ್ಟವೇನೂ ಕಾಣುವುದಿಲ್ಲ.

ನಮಗೆ ಇದಕ್ಕಿಂತ ದೊಡ್ಡ ಚಿಂತೆ ಬೇರೆ ಇದೆ. ಸಂತೋಷ ಟ್ರೋಫಿ ಒಂದು ಕಾಲದಲ್ಲಿ ಬಡವರ ಮಕ್ಕಳಿಗೆ ಕೆಲಸದ ಏಣಿಯಾಗಿತ್ತು. ರಾಜ್ಯಕ್ಕೆ ಆಡಿದವನನ್ನು ರೈಲ್ವೆ, ಬ್ಯಾಂಕು, ಪೊಲೀಸು, ಬೆಂಗಳೂರಿನಲ್ಲಾದರೆ ಎಚ್.ಎ.ಎಲ್., ಐ.ಟಿ.ಐ. ಕಾರಖಾನೆಗಳು ಕರೆದು ಕೆಲಸ ಕೊಡುತ್ತಿದ್ದವು. ಮುಂಬಯಿಯಲ್ಲಿ ಟಾಟಾ, ಕ್ಯಾಲ್ಟೆಕ್ಸ್, ಮಫತ್‌ಲಾಲ್, ಓರ್ಕೆ ಮಿಲ್ಸ್ ಎಂದು ಕಂಪೆನಿ ತಂಡಗಳೇ ಲೀಗನ್ನು ತುಂಬಿದ್ದವು. ಆ ಏಣಿಯ ಮೆಟ್ಟಿಲುಗಳು ಒಂದೊಂದಾಗಿ ಮುರಿದವು. ಮಹೀಂದ್ರ ಯುನೈಟೆಡ್ ದೇಶದ ಲೀಗನ್ನು ಗೆದ್ದ ತಂಡ. ಅದನ್ನೂ 2010ರಲ್ಲಿ ಮುಚ್ಚಿಬಿಟ್ಟರು. ಈ ಬರೆಯುವವನು ಫೋರ್ಟಿನ ಒಂದು ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯುತ್ತಿದ್ದಾಗ ಆ ತಂಡದ ಆಟ ನೋಡಲು ಕೂಪರೇಜಿಗೆ ಓಡುತ್ತಿದ್ದ. ಒಂದು ಸಲ ಹೆಚ್ಚಿನ ಆಟ ನೋಡಿ ತಡವಾಗಿ ಬಂದು ಅರ್ಧ ದಿನದ ಸಂಬಳ ಕಳೆದುಕೊಂಡ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಬಂದ ಮೇಲೆ ಹಣವೂ ಟೀವಿಯೂ ಅತ್ತ ಹೋದವು. ದೊಡ್ಡ ಆಟಗಾರರು ಸಂತೋಷ ಟ್ರೋಫಿಯಲ್ಲಿ ಕಾಣಿಸುವುದೇ ಅಪರೂಪ. ಕೇರಳ ಮಾತ್ರ ಹಳೆಯ ಮಾತನ್ನು ಮರೆತಿಲ್ಲ: 2018ರಲ್ಲಿ ಗೆದ್ದ ತಂಡದಲ್ಲಿ ಕೆಲಸವಿಲ್ಲದವರಿಗೆ ಅಲ್ಲಿನ ಸರಕಾರ ಕೆಲಸ ಕೊಡುವುದಾಗಿ ಪ್ರಕಟಿಸಿತು.

ಏಣಿ ಕಟ್ಟುವುದು ನಮ್ಮ ಕೈಯಲ್ಲಿಲ್ಲ. ಆಡಲು ಬಿಡುವು ಕೊಡಿಸುವುದು ಮಾತ್ರ ಸಂಘದ ಕೆಲಸವೇ. 1948ರ ಬೊಂಬಾಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯಿಂದ ಹೋಟೆಲು ನೌಕರನಿಗೂ ವಾರಕ್ಕೊಂದು ರಜೆ ಹಕ್ಕಾಯಿತು. ಅದರ ಜಾಗಕ್ಕೆ 2017ರಲ್ಲಿ ಬಂದ ಮಹಾರಾಷ್ಟ್ರದ ಕಾಯಿದೆ ವಾರದ ರಜೆಯನ್ನು ಉಳಿಸಿತಾದರೂ, ಹತ್ತಕ್ಕಿಂತ ಕಡಿಮೆ ಜನರಿರುವ ಚಿಕ್ಕ ಹೋಟೆಲುಗಳ ನೌಕರರನ್ನು ಅದರ ನೆರಳಿನಿಂದ ಹೊರಗಿಟ್ಟಿತು. ಒಡಿಶಾ, ಬಿಹಾರ, ನೇಪಾಳದ ಹುಡುಗರು ಹೆಚ್ಚಾಗಿ ದುಡಿಯುವುದು ಇಂಥ ಕಡೆಯಲ್ಲೇ. ರಜೆ ಕೇಳಿದರೆ "ನಾಳೆಯಿಂದ ಬರಬೇಡ" ಎಂಬ ಉತ್ತರ. ಇವರು ನಮ್ಮ ಸಂಘದ ಸದಸ್ಯರಾಗದೆ ಈ ಪ್ರಶ್ನೆಯನ್ನು ಧಣಿಗಳ ಮುಂದೆ ಎತ್ತುವ ಬಲ ನಮಗೆ ಬಾರದು. ಮೈದಾನದ ಗೆರೆಯಿಂದ ಹೊರಗಿಟ್ಟವನು ಸಂಘದ ಚಂದಾ ಚೀಟಿಗೆ ಸಹಿ ಹಾಕಲು ಏಕೆ ಬರುತ್ತಾನೆ?

ಮಹಾಸಭೆಯ ಮುಂದೆ ಬರಲಿರುವ ತಿದ್ದುಪಡಿ ಇಷ್ಟೇ: "ಆಡತಕ್ಕವನು ಪಂದ್ಯಾಟಕ್ಕೆ ಮೂರು ತಿಂಗಳ ಮೊದಲಿನಿಂದ ಮುಂಬಯಿ ಅಥವಾ ಉಪನಗರದ ಹೋಟೆಲಿನಲ್ಲಿ ನೌಕರನಾಗಿರತಕ್ಕದ್ದು." ಇದಕ್ಕೆ ಈ ಪತ್ರಿಕೆಯ ಬೆಂಬಲವಿದೆ. ಕನ್ನಡಿಗರು ಕನಿಷ್ಠ ನಾಲ್ವರು ತಂಡದಲ್ಲಿರಬೇಕೆಂಬ ಇನ್ನೊಂದು ಸೂಚನೆಯೂ ಬಂದಿದೆ. ರಾಜಿಯ ಮಾತಾಗಿ ಅದನ್ನು ಚರ್ಚಿಸಲು ನಮ್ಮ ಅಡ್ಡಿಯಿಲ್ಲ, ಆದರೆ ಚಿಕ್ಕ ಹೋಟೆಲುಗಳಿಗೆ ಅದೂ ಭಾರವಾದೀತು. ಸದಸ್ಯರು ಪಾಳಿ ಬದಲಿಸಿಕೊಂಡಾದರೂ ಸಭೆಗೆ ಬರಬೇಕು. ರಾತ್ರಿ ಪಾಳಿಯವರಿಗಾಗಿ ಸಭೆಯನ್ನು ಮಧ್ಯಾಹ್ನ ಮೂರು ಗಂಟೆಗೆ ಇಡಲಾಗಿದೆ. ಆ ಗೋಲ್‌ಕೀಪರ್ ಹುಡುಗ ಈಗಲೂ ಅದೇ ಹೋಟೆಲಿನಲ್ಲಿದ್ದಾನೆ. ಅವನನ್ನೂ ಕರೆದಿದ್ದೇವೆ. ಬರುವನೋ ಇಲ್ಲವೋ, ಅವನ ರಜೆಯ ಮೇಲಿದೆ.